ಲಿಸ್ಬರ್ನ್ ಗಣಿಗಳ ಸೀಸದ ಅದಿರು ಮತ್ತು ಅಬೆರಿಸ್ಟ್‌ವಿತ್ ಬಂದರಿನ ಹಡಗು ದಾಖಲೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹತ್ತೊಂಬತ್ತನೆಯ ಶತಮಾನದಲ್ಲಿ ವೇಲ್ಸ್ ದೇಶದ ನಡುಭಾಗದ ಬೆಟ್ಟಗಳಿಂದ ಅಗೆದು ತೆಗೆದ ಸೀಸದ ಅದಿರು ಗಾಡಿಗಳಲ್ಲಿ ಕಡಲತೀರಕ್ಕೆ ಇಳಿದು, ಪುಟ್ಟ ಹಾಯಿಹಡಗುಗಳಲ್ಲಿ ಬೇರೆ ಊರುಗಳ ಕುಲುಮೆಗಳಿಗೆ ಹೋಗುತ್ತಿತ್ತು. ಆ ಸಾಗಣೆಯ ಕಾಗದಪತ್ರಗಳನ್ನು ಮೊದಲ ಬಾರಿಗೆ ಕೈಗೆತ್ತಿಕೊಳ್ಳುವ ವಿದ್ಯಾರ್ಥಿಗಳು, ಗಣಿ ಇತಿಹಾಸದಲ್ಲಿ ಆಸಕ್ತಿಯುಳ್ಳವರು ಮತ್ತು ಕೋಲಾರದ ಚಿನ್ನದ ಗಣಿಗಳ ಹಿನ್ನೆಲೆಯನ್ನು ಹುಡುಕುತ್ತಾ ಇಲ್ಲಿಗೆ ಬಂದು ತಲುಪುವವರು ಮತ್ತೆ ಮತ್ತೆ ಎತ್ತುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಲಿಸ್ಬರ್ನ್ ಗಣಿಗಳು ಎಂದರೆ ಯಾವುವು?

ವೇಲ್ಸಿನ ಪಶ್ಚಿಮ ಕರಾವಳಿಯ ಕಾರ್ಡಿಗನ್‌ಶೈರ್ ಜಿಲ್ಲೆಯಲ್ಲಿ, ಅಂದರೆ ಇಂದಿನ ಕೆರೆಡಿಗಿಯನ್‌ನಲ್ಲಿ, ಟ್ರಾಸ್ಗೋಯ್ಡ್ ಎಂಬಲ್ಲಿ ಲಿಸ್ಬರ್ನ್ ಅರ್ಲ್ ಎಂಬ ಬಿರುದಿನ ಜಮೀನ್ದಾರ ಮನೆತನವಿತ್ತು. ಅವರ ಭೂಮಿಯಲ್ಲಿದ್ದ ಫ್ರಾನ್‌ಗೋಚ್, ಲೋಗೌಲಾಸ್ ಮೊದಲಾದ ಗಣಿಗಳನ್ನು 1834ರಲ್ಲಿ ಜಾನ್ ಟೇಲರ್ ಮತ್ತು ಅವರ ಪಾಲುದಾರರು ಗುತ್ತಿಗೆಗೆ ಪಡೆದರು. ಜಮೀನ್ದಾರರ ಬಿರುದೇ ಕಂಪನಿಯ ಹೆಸರಾಗಿ ನಿಂತಿತು.

1779ರಲ್ಲಿ ನಾರಿಚ್‌ನಲ್ಲಿ ಹುಟ್ಟಿದ ಟೇಲರ್, ಇಪ್ಪತ್ತು ತುಂಬುವ ಮೊದಲೇ ಡೆವನ್ ಪ್ರಾಂತ್ಯದ ತಾಮ್ರದ ಗಣಿಯೊಂದರ ಮೇಲ್ವಿಚಾರಕರಾಗಿದ್ದವರು. ಅದಿರನ್ನು ನೀರಿನ ದಾರಿಯಲ್ಲಿ ಸಾಗಿಸಲೆಂದು ಟಾವಿಸ್ಟಾಕ್ ಕಾಲುವೆಯನ್ನು ಕಟ್ಟಿಸಿ 1817ರಲ್ಲಿ ಮುಗಿಸಿದವರೂ ಅವರೇ. ಗಣಿಯ ಲಾಭನಷ್ಟ ಅದಿರಿನ ಪದರದ ದಪ್ಪದ ಮೇಲೆ ಎಷ್ಟು ನಿಂತಿದೆಯೋ ಅದಿರನ್ನು ಸಾಗಿಸುವ ವೆಚ್ಚದ ಮೇಲೂ ಅಷ್ಟೇ ನಿಂತಿದೆ ಎಂಬ ತಿಳಿವಳಿಕೆ ಅವರಿಗೆ ಕಾರ್ಡಿಗನ್‌ಶೈರ್‌ಗೆ ಬರುವ ಮೊದಲೇ ಇತ್ತು. ಸಾಗಣೆಯ ಲೆಕ್ಕವನ್ನು ಗಣಿ ಇತಿಹಾಸದ ಬಾಲಂಗೋಚಿಯಂತೆ ಕಾಣದೆ ಅದರ ನಡುವಿನ ಸಂಗತಿಯೆಂದು ನಾನು ಎಣಿಸುವುದಕ್ಕೆ ಇದೂ ಒಂದು ಕಾರಣ.

ಅದಿರನ್ನು ಅಲ್ಲಿಯೇ ಕರಗಿಸದೆ ಹಡಗಿಗೆ ಏಕೆ ತುಂಬುತ್ತಿದ್ದರು?

ಕಾರ್ಡಿಗನ್‌ಶೈರ್‌ನಲ್ಲಿ ಕಲ್ಲಿದ್ದಲು ಇರಲಿಲ್ಲ. ಅದಿರನ್ನು ಕರಗಿಸಲು ಇಂಧನ ಬೇಕು. ಕಲ್ಲಿದ್ದಲನ್ನು ಬೆಟ್ಟಕ್ಕೆ ಹೊತ್ತು ತರುವುದಕ್ಕಿಂತ ಅದಿರನ್ನೇ ಕಲ್ಲಿದ್ದಲಿರುವ ಕಡೆಗೆ ಒಯ್ಯುವುದು ಅಗ್ಗವಾಗುತ್ತಿತ್ತು. ಹೀಗಾಗಿ ಈ ಜಿಲ್ಲೆಯ ಅದಿರು ಉತ್ತರಕ್ಕೆ ಡೀ ನದೀಮುಖದ ಫ್ಲಿಂಟ್ ಮತ್ತು ಬ್ಯಾಗಿಲ್ಟ್‌ಗೆ, ದಕ್ಷಿಣಕ್ಕೆ ಲನೆಲ್ಲಿ ಮತ್ತು ಸ್ವಾನ್ಸಿ ಕಡೆಯ ಕುಲುಮೆಗಳಿಗೆ ಹಾಗೂ ಬ್ರಿಸ್ಟಲ್‌ಗೆ ಹೋಯಿತು. ಮರಳಿ ಬರುವ ಹಡಗುಗಳಲ್ಲಿ ಕಲ್ಲಿದ್ದಲು, ಗಣಿಗೆ ಬೇಕಾದ ಕಬ್ಬಿಣ, ಮರ ಮತ್ತು ದಿನಸಿ ಬರುತ್ತಿದ್ದವು. ಎರಡೂ ದಿಕ್ಕಿನ ಸರಕನ್ನು ಒಟ್ಟಿಗೆ ಇಟ್ಟು ನೋಡದಿದ್ದರೆ ಹಡಗಿನ ಬಾಡಿಗೆ ಏಕೆ ಕಡಿಮೆಯಿತ್ತು ಎಂಬುದು ಅರ್ಥವಾಗುವುದಿಲ್ಲ. ಹಿಂದಿರುಗುವಾಗ ಖಾಲಿ ಬರಬೇಕಾದ ಹಡಗಿನವನು ಹೆಚ್ಚು ಬಾಡಿಗೆ ಕೇಳುತ್ತಾನೆ, ಸರಕು ಸಿಗುತ್ತದೆಂಬ ಭರವಸೆಯುಳ್ಳವನು ಇಳಿಸುತ್ತಾನೆ.

ಗಣಿಯಿಂದ ಬಂದರಿನವರೆಗಿನ ದಾರಿಯೂ ಸುಲಭದ್ದಲ್ಲ. ಫ್ರಾನ್‌ಗೋಚ್‌ನಿಂದ ಅಬೆರಿಸ್ಟ್‌ವಿತ್‌ಗೆ ಸುಮಾರು ಇಪ್ಪತ್ತು ಕಿಲೋಮೀಟರು; ದಾರಿಯುದ್ದಕ್ಕೂ ಏರಿಳಿತ. ಗಾಡಿ ಹೊಡೆಯುತ್ತಿದ್ದವರಲ್ಲಿ ಬಹುಮಂದಿ ಸುತ್ತಲಿನ ಸಣ್ಣ ರೈತರು. ಹೊಲದ ಕೆಲಸವಿಲ್ಲದ ದಿನಗಳಲ್ಲಿ ಅವರ ಕುದುರೆ ಗಾಡಿಗಳು ಗಣಿಯ ಕಡೆ ತಿರುಗುತ್ತಿದ್ದವು. ಹುಲ್ಲು ಕೊಯ್ಯುವ ಮತ್ತು ಪೈರು ಕಟಾವಿನ ತಿಂಗಳುಗಳಲ್ಲಿ ಬಂದರಿಗೆ ಅದಿರು ಕಡಿಮೆ ಬಂದಂತೆ ಕಂಡರೆ, ಗಣಿಯೊಳಗೆ ಏನೋ ಆಯಿತೆಂದು ಊಹಿಸುವ ಮೊದಲು ಗಾಡಿಗಳು ಎಲ್ಲಿದ್ದವು ಎಂದು ಕೇಳಿಕೊಳ್ಳಬೇಕು.

ಹಡಗು ದಾಖಲೆ ಎಂದರೆ ಒಂದೇ ಪುಸ್ತಕವೇ?

ಅಲ್ಲ. ಒಂದೇ ರಾಶಿ ಅದಿರು ಗಣಿಯಿಂದ ಹೊರಟು ಕುಲುಮೆ ಸೇರುವಷ್ಟರಲ್ಲಿ ಹಲವು ಕೈಗಳನ್ನು ದಾಟುತ್ತದೆ, ಪ್ರತಿ ಕೈಬದಲಿನಲ್ಲಿಯೂ ಒಂದು ಕಾಗದ ಹುಟ್ಟುತ್ತದೆ. ಗಣಿಯ ತೂಕದ ಚೀಟಿ, ಗಾಡಿಯವನಿಗೆ ಕೂಲಿ ಕೊಟ್ಟ ಲೆಕ್ಕ, ಬಂದರಿನ ಕಣಜದಲ್ಲಿ ಮತ್ತೆ ತೂಗಿದ ಲೆಕ್ಕ, ಹಡಗನ್ನು ಬಾಡಿಗೆಗೆ ಹಿಡಿದ ಚಾರ್ಟರ್ ಪಾರ್ಟಿ ಎಂಬ ಕರಾರು, ಸರಕು ಹಡಗೇರಿತೆಂದು ನಾವಿಕ ಸಹಿ ಹಾಕಿದ ಬಿಲ್ ಆಫ್ ಲೇಡಿಂಗ್, ಕರಾವಳಿ ಸಾಗಣೆಗೆ ಕಸ್ಟಮ್ಸ್ ಕಚೇರಿ ಕೊಡುತ್ತಿದ್ದ ಟ್ರಾನ್ಸೈರ್ ಎಂಬ ರಹದಾರಿ, ಬಂದರಿನ ಶುಲ್ಕದ ಪುಸ್ತಕ, ಕುಲುಮೆಯವರು ಮರಳಿ ಕಳಿಸಿದ ತೂಕದ ಪತ್ರ, ಕೊನೆಗೆ ಹಣ ಸಂದಾಯದ ಹುಂಡಿ. ಇವೆಲ್ಲದರ ಜೊತೆಗೆ ಗಣಿಯ ಕಚೇರಿಯಿಂದ ಹೋದ ಕಾಗದಗಳ ನಕಲು ಪುಸ್ತಕ ಇರುತ್ತದೆ.

ಈ ಪೂರ್ಣ ಸರಣಿ ಯಾವ ಕಂಪನಿಗೂ ಇಡಿಯಾಗಿ ಉಳಿದು ಬರುವುದು ಅಪರೂಪ. ಉಳಿದ ತುಂಡು ಸರಣಿಯ ಯಾವ ಕೊಂಡಿ ಎಂದು ಗುರುತಿಸುವುದೇ ಸಂಶೋಧಕರ ಮೊದಲ ಕೆಲಸ. ಯಾರು, ಯಾರ ಸಲುವಾಗಿ, ಯಾವ ಹಣದ ವಿಚಾರಕ್ಕೆ ಆ ಸಾಲನ್ನು ಬರೆದರು ಎಂಬುದು ತಿಳಿಯದೆ ಅದರಲ್ಲಿರುವ ಅಂಕಿಯನ್ನು ಬಳಸಬಾರದು. ಗಾಡಿ ಕೂಲಿಯ ಲೆಕ್ಕ ಬರೆದವನಿಗೆ ಅದಿರಿನ ಗುಣ ಬೇಕಿರಲಿಲ್ಲ, ಕಸ್ಟಮ್ಸ್ ಗುಮಾಸ್ತನಿಗೆ ಬೆಲೆ ಬೇಕಿರಲಿಲ್ಲ, ಬಂದರಿನ ಶುಲ್ಕ ವಸೂಲಿಯವನಿಗೆ ಅದಿರು ಯಾವ ಗಣಿಯದೆಂಬುದು ಬೇಕಿರಲಿಲ್ಲ. ತನಗೆ ಬೇಡದ್ದನ್ನು ಆಯಾ ಗುಮಾಸ್ತ ಅಂದಾಜಿನಲ್ಲಿ ಬರೆದಿದ್ದಾನೆ ಅಥವಾ ಬರೆಯದೆ ಬಿಟ್ಟಿದ್ದಾನೆ.

ಬಿಲ್ ಆಫ್ ಲೇಡಿಂಗನ್ನು ಓದುವುದು ಹೇಗೆ?

ಇದು ಹೆಚ್ಚಾಗಿ ಅಚ್ಚು ಹಾಕಿದ ನಮೂನೆ. ಖಾಲಿ ಬಿಟ್ಟ ಜಾಗಗಳನ್ನು ಶಾಯಿಯಲ್ಲಿ ತುಂಬಲಾಗಿರುತ್ತದೆ. ಮೊದಲ ಸಾಲಿನಲ್ಲಿ ಸರಕು ಒಳ್ಳೆಯ ಸ್ಥಿತಿಯಲ್ಲಿ ಹಡಗೇರಿತೆಂಬ ಮಾತು, ಕಳಿಸಿದವರ ಹೆಸರು, ಹಡಗಿನ ಹೆಸರು, ಈ ಪ್ರಯಾಣಕ್ಕೆ ಅದರ ಮುಖ್ಯ ನಾವಿಕ ಯಾರೆಂಬುದು, ಹಡಗು ಈಗ ಯಾವ ಬಂದರಿನಲ್ಲಿದೆ ಮತ್ತು ಎಲ್ಲಿಗೆ ಹೊರಟಿದೆ ಎಂಬುದು ಬರುತ್ತದೆ. ಆಮೇಲೆ ಸರಕಿನ ವಿವರ. ಅದರ ಕೆಳಗೆ ದೈವಾಧೀನವಾದ ಘಟನೆ, ರಾಣಿಯ ಶತ್ರುಗಳು, ಬೆಂಕಿ ಮತ್ತು ಕಡಲಿನ ಅಪಾಯಗಳಿಗೆ ಹಡಗಿನವರು ಹೊಣೆಯಲ್ಲವೆಂಬ ಷರತ್ತು. ಅನಂತರ ಬಾಡಿಗೆಯ ದರ. ಕೊನೆಯಲ್ಲಿ ಇಂತಿಷ್ಟು ಪ್ರತಿಗಳಿಗೆ ಸಹಿಯಾಗಿದೆ, ಒಂದು ಪ್ರತಿಯ ಮೇಲೆ ಸರಕು ಒಪ್ಪಿಸಿದ ಕೂಡಲೇ ಉಳಿದವು ರದ್ದು ಎಂಬ ಒಕ್ಕಣೆ.

ಓದುವವರ ಕಣ್ಣು ಜಾರುವ ಜಾಗ ಸಹಿಯ ಹತ್ತಿರದ್ದು. ಅಲ್ಲಿ ನಾವಿಕ ತನ್ನ ಕೈಯಿಂದಲೇ ತೂಕ ಮತ್ತು ಒಳವಸ್ತು ತನಗೆ ಗೊತ್ತಿಲ್ಲವೆಂದು ಸಣ್ಣದಾಗಿ ಬರೆದಿರಬಹುದು. ಆ ಒಂದು ಸಾಲು ಇದ್ದರೆ ಮೇಲಿನ ತೂಕ ಕಂಪನಿಯ ಮಾತೇ ಹೊರತು ನಾವಿಕ ಕಣ್ಣಾರೆ ಕಂಡು ಒಪ್ಪಿದ್ದಲ್ಲ. ಕುಲುಮೆಯ ಕಟ್ಟೆಯಲ್ಲಿ ತೂಕ ಕಡಿಮೆ ಬಂದಾಗ ನಷ್ಟ ಯಾರ ತಲೆಗೆ ಎಂಬ ಜಗಳದಲ್ಲಿ ತಾನು ಸಿಕ್ಕಿಕೊಳ್ಳದಿರಲು ಅವನು ಮಾಡಿಕೊಂಡ ರಕ್ಷಣೆ ಅದು. ಈ ಕೈಬರಹ ಇದೆಯೋ ಇಲ್ಲವೋ ಎಂಬುದನ್ನು ನಿಮ್ಮ ಟಿಪ್ಪಣಿಯಲ್ಲಿ ಪ್ರತಿ ಬಾರಿಯೂ ಗುರುತು ಮಾಡಿಕೊಳ್ಳಬೇಕೆಂದು ಒತ್ತಾಯಿಸಿ ಹೇಳುತ್ತೇನೆ.

ತೂಕದ ಅಂಕಣಗಳು ಗೊಂದಲ ಹುಟ್ಟಿಸುತ್ತವೆ. ಅವನ್ನು ಕಿಲೋಗ್ರಾಂಗೆ ತರುವುದು ಹೇಗೆ?

ನಾಲ್ಕು ಅಂಕಣಗಳಿದ್ದರೆ ಅವು ಕ್ರಮವಾಗಿ ಟನ್, ಹಂಡ್ರೆಡ್‌ವೇಟ್, ಕ್ವಾರ್ಟರ್ ಮತ್ತು ಪೌಂಡ್. 28 ಪೌಂಡಿಗೆ ಒಂದು ಕ್ವಾರ್ಟರ್, 4 ಕ್ವಾರ್ಟರಿಗೆ ಒಂದು ಹಂಡ್ರೆಡ್‌ವೇಟ್, 20 ಹಂಡ್ರೆಡ್‌ವೇಟಿಗೆ ಒಂದು ಟನ್. ಹಂಡ್ರೆಡ್‌ವೇಟ್ ಎಂದು ಹೆಸರಿದ್ದರೂ ಅದು 112 ಪೌಂಡ್, ಅಂದರೆ 50.8 ಕಿಲೋಗ್ರಾಂ. ಟನ್ 2,240 ಪೌಂಡ್, ಅಂದರೆ 1,016 ಕಿಲೋಗ್ರಾಂ. ಆಣೆ ಪೈಗಳ ಲೆಕ್ಕದ ಹಳೆಯ ಕಂದಾಯ ಕಡತಗಳನ್ನು ಓದಿ ಅಭ್ಯಾಸವಿದ್ದವರಿಗೆ ಈ ಬಗೆಯ ದಶಮಾನವಲ್ಲದ ಅಂಕಣಗಳು ಬೇಗ ಒಲಿಯುತ್ತವೆ. ಉದಾಹರಣೆಗೆ 42, 7, 2, 0 ಎಂದು ಬರೆದಿದ್ದರೆ ಅದು 42 ಟನ್, 7 ಹಂಡ್ರೆಡ್‌ವೇಟ್, 2 ಕ್ವಾರ್ಟರ್. ಒಟ್ಟು 94,920 ಪೌಂಡ್, ಅಂದರೆ ಸುಮಾರು 43,055 ಕಿಲೋಗ್ರಾಂ.

ಇಷ್ಟಕ್ಕೇ ನಿಲ್ಲುವಂತಿಲ್ಲ. ಅದಿರಿನ ವ್ಯಾಪಾರದಲ್ಲಿ 21 ಹಂಡ್ರೆಡ್‌ವೇಟಿನ ಟನ್ ಕೂಡ ಬಳಕೆಯಲ್ಲಿತ್ತು. ಅದು 2,352 ಪೌಂಡ್. ಎರಡು ಟನ್ನುಗಳ ನಡುವಿನ ವ್ಯತ್ಯಾಸ ನೂರಕ್ಕೆ ಐದು. ಒಂದು ಹಡಗಿನ ಸರಕಿನಲ್ಲಿ ಅದು ಎರಡು ಟನ್ ಆದೀತು, ಒಂದು ವರ್ಷದ ಮೊತ್ತದಲ್ಲಿ ತೀರ್ಮಾನವನ್ನೇ ಬದಲಿಸೀತು. ಯಾವ ಟನ್ ಬಳಸಿದ್ದಾರೆಂದು ತಿಳಿಯಲು ಹಂಡ್ರೆಡ್‌ವೇಟ್ ಅಂಕಣವನ್ನೇ ನೋಡಿ. ಎಲ್ಲಿಯಾದರೂ ಅಲ್ಲಿ 20 ಎಂಬ ಅಂಕಿ ಕಂಡರೆ, ಇಪ್ಪತ್ತಕ್ಕೆ ಟನ್ ತುಂಬುತ್ತಿರಲಿಲ್ಲವೆಂದು ಸ್ಪಷ್ಟವಾಗುತ್ತದೆ. ಆ ಅಂಕಿ ಎಲ್ಲೂ ಇಲ್ಲದಿದ್ದರೆ ಬೆಲೆಯ ಅಂಕಣದಿಂದ ಹಿಂದಕ್ಕೆ ಗುಣಿಸಿ ಪರೀಕ್ಷಿಸಬೇಕು.

ಬೆಲೆಯ ಅಂಕಣಗಳು ಪೌಂಡ್, ಶಿಲ್ಲಿಂಗ್, ಪೆನ್ನಿ. 12 ಪೆನ್ನಿಗೆ ಶಿಲ್ಲಿಂಗ್, 20 ಶಿಲ್ಲಿಂಗಿಗೆ ಪೌಂಡ್. ತೂಕದ ಪೌಂಡಿಗೂ ಹಣದ ಪೌಂಡಿಗೂ ಒಂದೇ ಹೆಸರಿರುವುದರಿಂದ ಕನ್ನಡದಲ್ಲಿ ಟಿಪ್ಪಣಿ ಬರೆಯುವಾಗ ಯಾವ ಪೌಂಡ್ ಎಂಬುದನ್ನು ಬಿಡಿಸಿ ಬರೆಯುವುದು ಒಳ್ಳೆಯದು.

ಗಣಿಯಲ್ಲಿ ತೂಗಿದ್ದಕ್ಕೂ ಕುಲುಮೆಯಲ್ಲಿ ತೂಗಿದ್ದಕ್ಕೂ ಏಕೆ ತಾಳೆಯಾಗುವುದಿಲ್ಲ? ಕಳ್ಳತನವೇ?

ಕೆಲವೊಮ್ಮೆ ಇರಬಹುದು, ಆದರೆ ಮೊದಲು ನೆನೆಯಬೇಕಾದದ್ದು ನೀರನ್ನು. ಅದಿರನ್ನು ಜಜ್ಜಿ, ನೀರಿನಲ್ಲಿ ತೊಳೆದು, ಕಲ್ಲಿನಿಂದ ಬೇರ್ಪಡಿಸಿ ಸಾಗಿಸುತ್ತಿದ್ದರು. ತೊಳೆದ ಅದಿರು ಮರಳಿನಂತೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಗಾಡಿಯಲ್ಲಿ, ಬಂದರಿನ ಕಣಜದಲ್ಲಿ, ಹಡಗಿನ ಹೊಟ್ಟೆಯಲ್ಲಿ ಅದು ಸೋರುತ್ತಾ ಆರುತ್ತಾ ಹೋಗುತ್ತದೆ. ವೇಲ್ಸಿನ ಪಶ್ಚಿಮ ಕರಾವಳಿಯ ಮಳೆಗೆ ಸಿಕ್ಕರೆ ಮತ್ತೆ ನೆನೆಯುತ್ತದೆ. ಅದಕ್ಕಾಗಿಯೇ ಮಾದರಿ ತೆಗೆದು ಒಣಗಿಸಿ ತೇವಾಂಶವನ್ನು ಕಳೆಯುವ ಪದ್ಧತಿಯಿತ್ತು. ಆ ಕಳೆಯುವಿಕೆ ಆಗಿದೆಯೋ ಇಲ್ಲವೋ ಎಂಬುದರ ಮೇಲೆ ಎರಡು ತೂಕಗಳ ಅಂತರ ನಿಂತಿರುತ್ತದೆ.

ಎರಡನೆಯದು ನುಣುಪಾದ ಅದಿರಿನ ಪುಡಿ. ಗಾಡಿಯ ಸಂದಿಯಲ್ಲಿ, ಕಣಜದ ನೆಲದ ಬಿರುಕಿನಲ್ಲಿ, ಹಡಗಿನ ಹಲಗೆಗಳ ನಡುವೆ ಅದು ಉಳಿದುಹೋಗುತ್ತದೆ. ಮೂರನೆಯದು ತಕ್ಕಡಿಗಳ ವ್ಯತ್ಯಾಸ, ಕೊನೆಯದು ಹಕ್ಕಿನ ಜಗಳ. ಭೂಮಾಲೀಕರಿಗೆ ಅದಿರಿನ ಬೆಲೆಯ ಒಂದು ಪಾಲನ್ನು ರಾಜಧನವಾಗಿ ಕೊಡಬೇಕಿತ್ತು. ಹೀಗಾಗಿ ಅರ್ಲ್ ಕಡೆಯ ಲೆಕ್ಕಿಗರು ಕಂಪನಿಯ ತೂಕವನ್ನು ಸುಮ್ಮನೆ ನಂಬುತ್ತಿರಲಿಲ್ಲ, ತಮ್ಮದೇ ಲೆಕ್ಕ ಇಡುತ್ತಿದ್ದರು. ಒಂದೇ ಸರಕಿನ ಬಗ್ಗೆ ಪರಸ್ಪರ ಅಪನಂಬಿಕೆಯುಳ್ಳ ಇಬ್ಬರು ಬರೆದಿಟ್ಟ ಲೆಕ್ಕ ನಮಗೆ ಸಿಗುವುದು ದೊಡ್ಡ ಭಾಗ್ಯ. ಅವು ತಾಳೆಯಾದರೆ ಧೈರ್ಯದಿಂದ ಬಳಸಬಹುದು. ತಾಳೆಯಾಗದಿದ್ದರೆ ಅಲ್ಲಿ ಹೇಳಬೇಕಾದ ಕತೆಯೊಂದಿದೆ.

ಹಡಗು 60 ಟನ್ನಿನದು ಎಂದಿದೆ, ಸರಕು ಅದಕ್ಕಿಂತ ಹೆಚ್ಚು ಎಂದಿದೆ. ಯಾವುದು ತಪ್ಪು?

ಎರಡೂ ಸರಿ ಇರಬಹುದು. ಹಡಗಿನ ನೋಂದಣಿಯ ಟನ್ ತೂಕದ್ದಲ್ಲ, ಜಾಗದ್ದು. 1854ರ ವಾಣಿಜ್ಯ ಹಡಗು ಕಾಯಿದೆಯ ನಂತರ ನೂರು ಘನ ಅಡಿ ಒಳಜಾಗಕ್ಕೆ ಒಂದು ನೋಂದಣಿ ಟನ್ ಎಂದು ಲೆಕ್ಕ. ಅರವತ್ತು ನೋಂದಣಿ ಟನ್ನಿನ ಹಡಗು ಅದಕ್ಕಿಂತ ಸಾಕಷ್ಟು ಹೆಚ್ಚು ತೂಕವನ್ನು ಹೊರಬಲ್ಲದು. ಈ ಎರಡು ಟನ್ನುಗಳನ್ನು ಒಂದೇ ಪಟ್ಟಿಯಲ್ಲಿ ಕೂಡಿಸಿ ಒಂದು ಬಂದರಿನ ರಫ್ತು ಎಂದು ಬರೆದಿರುವ ಬರಹಗಳು ಇವೆ. ಅವುಗಳ ಮೊತ್ತಕ್ಕೆ ಅರ್ಥವಿಲ್ಲ.

ಸೀಸದ ಅದಿರಿನಲ್ಲಿ ಇದಕ್ಕೆ ವಿರುದ್ಧವಾದ ವಿಚಿತ್ರವೂ ಇದೆ: ತೂಕದ ಮಿತಿ ಮುಟ್ಟಿದರೂ ಹಡಗಿನ ಒಡಲು ಬಹುಪಾಲು ಖಾಲಿಯೇ. ಸೀಸದ ಮುಖ್ಯ ಅದಿರಾದ ಗೆಲೀನಾ ನೀರಿಗಿಂತ ಸುಮಾರು ಏಳೂವರೆ ಪಟ್ಟು ಭಾರ. ಅಷ್ಟು ತೂಕವೆಲ್ಲ ಹಡಗಿನ ತಳದಲ್ಲಿ ತೆಳುವಾಗಿ ಹರಡಿಕೊಂಡರೆ ಹಡಗು ಅಲೆಗೆ ವಾಲಿದ ಕೂಡಲೇ ಜಗ್ಗಿ ಎಳೆದಂತೆ ಹಿಂದಕ್ಕೆ ನೆಟ್ಟಗಾಗುತ್ತದೆ. ಆ ಜಗ್ಗಾಟ ನಿಲ್ಲದೆ ನಡೆದರೆ ಪಟಕಂಬಗಳೂ ಹಗ್ಗಗಳೂ ಬಳಲಿ ಮುರಿಯುತ್ತವೆ, ಹಲಗೆಗಳ ಕೀಲು ಬಿಡುತ್ತದೆ. ಅನುಭವಿ ನಾವಿಕರು ತಳದ ಮೇಲೆ ಮರದ ಹಾಸು ಹಾಕಿ ಅದಿರನ್ನು ಎತ್ತರಿಸಿ, ನಡುವೆ ರಾಶಿಯಾಗಿ ನಿಲ್ಲಿಸಿ, ಅದು ಒಂದು ಮಗ್ಗುಲಿಗೆ ಜಾರದಂತೆ ಹಲಗೆ ಕಟ್ಟಿ ತಡೆಯುತ್ತಿದ್ದರು. ಸ್ವಾನ್ಸಿಗೆ ದೂರದ ಚಿಲಿಯಿಂದ ತಾಮ್ರದ ಅದಿರು ತರುತ್ತಿದ್ದ ದೊಡ್ಡ ಹಡಗುಗಳಲ್ಲಿ ಇದಕ್ಕೆಂದೇ ಒಳಗೆ ಮರದ ತೊಟ್ಟಿಗಳಿದ್ದವು. ಬಂದರಿನ ಲೆಕ್ಕದಲ್ಲಿ ಅದಿರಿನ ಜೊತೆಗೆ ಹಲಗೆ, ಬಡಗಿಯ ಕೂಲಿ ಎಂಬ ಸಣ್ಣ ಖರ್ಚುಗಳು ಕಂಡರೆ ಅವು ಏತಕ್ಕೆಂದು ಈಗ ಊಹಿಸಬಹುದು.

ಅದಿರಿನ ತೂಕದಿಂದ ಸೀಸದ ತೂಕವನ್ನು ಲೆಕ್ಕ ಹಾಕಬಹುದೇ?

ಮೇಲ್ಮಿತಿಯನ್ನು ಹೇಳಬಹುದು. ಅಪ್ಪಟ ಗೆಲೀನಾದಲ್ಲಿ ಸೀಸ ನೂರಕ್ಕೆ 86.6 ಭಾಗ. ತೊಳೆದ ಅದಿರಿನಲ್ಲಿ ಕಲ್ಲಿನ ಚೂರು ಉಳಿದೇ ಇರುವುದರಿಂದ ನಿಜವಾದ ಪ್ರಮಾಣ ಅದಕ್ಕಿಂತ ಕೆಳಗೆ. ಕುಲುಮೆಯಲ್ಲಿ ಹೊಗೆಯ ಜೊತೆ ಹೋಗುವ, ಕಿಟ್ಟದಲ್ಲಿ ಉಳಿಯುವ ಸೀಸ ಬೇರೆ. ಮಾದರಿಯ ಪರೀಕ್ಷೆಯ ಫಲಿತಾಂಶ ದಾಖಲೆಯಲ್ಲಿದ್ದರೆ ಅದನ್ನೇ ಹಿಡಿಯಿರಿ, ಇಲ್ಲದಿದ್ದರೆ ಅದಿರಿನ ತೂಕವನ್ನು ಅದಿರಿನ ತೂಕವೆಂದೇ ಬರೆದು ಬಿಡಿ.

ಬೆಳ್ಳಿಯ ವಿಚಾರ ಪ್ರತ್ಯೇಕ. ಗೆಲೀನಾದಲ್ಲಿ ಅಲ್ಪಸ್ವಲ್ಪ ಬೆಳ್ಳಿ ಸೇರಿರುತ್ತದೆ, ಅದನ್ನು ಟನ್ನಿಗೆ ಇಷ್ಟು ಔನ್ಸ್ ಎಂದು ನಮೂದಿಸುತ್ತಿದ್ದರು. ಇದೇ ಜಿಲ್ಲೆಯಲ್ಲಿ ಟೇಲರ್ 1836ರಲ್ಲಿ ಕೈಗೆತ್ತಿಕೊಂಡ ಗೊಗಿನಾನ್ ಗಣಿ ಬೆಳ್ಳಿಗೆ ಹೆಸರಾದದ್ದು. 1833ರಲ್ಲಿ ಹ್ಯೂ ಲೀ ಪ್ಯಾಟಿನ್ಸನ್ ಪೇಟೆಂಟ್ ಪಡೆದ ವಿಧಾನದಿಂದ ಬಹಳ ಕಡಿಮೆ ಬೆಳ್ಳಿಯಿರುವ ಸೀಸದಿಂದಲೂ ಲಾಭಕರವಾಗಿ ಬೆಳ್ಳಿ ತೆಗೆಯುವುದು ಸಾಧ್ಯವಾಯಿತು. ಒಂದೇ ತೂಕದ ಎರಡು ಸರಕುಗಳಿಗೆ ಒಂದೇ ತಿಂಗಳಲ್ಲಿ ಬೇರೆ ಬೇರೆ ಬೆಲೆ ಬಂದಿದ್ದರೆ ಉತ್ತರ ಹೆಚ್ಚಾಗಿ ಈ ಔನ್ಸುಗಳಲ್ಲಿರುತ್ತದೆ.

ನಂತರದ ದಶಕಗಳ ಲೆಕ್ಕದಲ್ಲಿ ಬ್ಲೆಂಡ್ ಎಂಬ ಹೆಸರು ಬರುತ್ತದೆ. ಅದು ಸತುವಿನ ಅದಿರು. ಮೊದಮೊದಲು ಬೇಡವೆಂದು ಬಿಸಾಡುತ್ತಿದ್ದ ಅದು ಮುಂದೆ ಫ್ರಾನ್‌ಗೋಚ್‌ನ ಮುಖ್ಯ ಆದಾಯಗಳಲ್ಲಿ ಒಂದಾಯಿತು. ಸೀಸದ ಮೊತ್ತಕ್ಕೆ ಅದನ್ನು ಸೇರಿಸಬೇಡಿ.

ಸರ್ಕಾರ ಪ್ರಕಟಿಸಿದ ಗಣಿ ಅಂಕಿಅಂಶ ಇರುವಾಗ ಹಡಗು ದಾಖಲೆಯ ಅಗತ್ಯವೇನು?

ಗಣಿ ದಾಖಲೆಗಳ ಪಾಲಕರಾಗಿದ್ದ ರಾಬರ್ಟ್ ಹಂಟ್ ಅವರ ಶ್ರಮದಿಂದ 1845ರಿಂದ ಮುಂದಕ್ಕೆ ಬ್ರಿಟನ್ನಿನ ಸೀಸದ ಗಣಿಗಳ ವಾರ್ಷಿಕ ಉತ್ಪಾದನೆ ನಮಗೆ ಸಿಗುತ್ತದೆ. ಅದು ಬೆಲೆಕಟ್ಟಲಾಗದ ಸಂಗ್ರಹ. ಆದರೆ ಅದು ವರ್ಷಕ್ಕೊಂದು ಅಂಕಿ. ಹಡಗು ದಾಖಲೆ ದಿನಕ್ಕೊಂದು ಸಾಲು. ಗಣಿ ಯಾವಾಗ ಹಣಕ್ಕೆ ಕಷ್ಟಪಟ್ಟು ಸಣ್ಣ ಸಣ್ಣ ಸರಕನ್ನು ಬೇಗ ಬೇಗ ಕಳಿಸಿತು, ಬೆಲೆ ಏರಲಿ ಎಂದು ಯಾವಾಗ ಕಾಯಿತು, ಯಾವ ಚಳಿಗಾಲದಲ್ಲಿ ಹಡಗು ಹೊರಡಲಾರದೆ ನಿಂತಿತು ಎಂಬುದೆಲ್ಲ ವರ್ಷದ ಮೊತ್ತದಲ್ಲಿ ಕಾಣಿಸುವುದಿಲ್ಲ. 1845ಕ್ಕೆ ಹಿಂದಿನ ಹತ್ತು ವರ್ಷಗಳಿಗಂತೂ, ಅಂದರೆ ಲಿಸ್ಬರ್ನ್ ಕಂಪನಿ ತಳವೂರಿದ ಕಾಲಕ್ಕೆ, ಸಾಗಣೆ ಮತ್ತು ರಾಜಧನದ ಲೆಕ್ಕಗಳೇ ಆಧಾರ.

ಆದರೂ ಹಡಗೇರಿದ್ದನ್ನು ಉತ್ಪಾದನೆ ಎಂದು ಕರೆಯಬಾರದು. ಡಿಸೆಂಬರಿನಲ್ಲಿ ಅಗೆದದ್ದು ಮಾರ್ಚಿಯಲ್ಲಿ ಹಡಗೇರಬಹುದು. ಅಬೆರಿಸ್ಟ್‌ವಿತ್ ಬಂದರಿನ ಬಾಯಿಯಲ್ಲಿ, ರೈಡೋಲ್ ಮತ್ತು ಇಸ್ಟ್‌ವಿತ್ ನದಿಗಳು ಕಡಲು ಸೇರುವಲ್ಲಿ, ಬೆಣಚುಕಲ್ಲಿನ ದಿಬ್ಬ ಕಟ್ಟಿಕೊಳ್ಳುತ್ತಿತ್ತು. ತುಂಬಿದ ಹಡಗು ಅದನ್ನು ದಾಟಲು ಅಮಾವಾಸ್ಯೆ ಹುಣ್ಣಿಮೆಗಳ ದೊಡ್ಡ ಭರತಕ್ಕೆ ಕಾಯಬೇಕಾಗುತ್ತಿತ್ತು. 1836ರಲ್ಲಿ ಕಲ್ಲಿನ ಕಟ್ಟೆಯ ಕೆಲಸ ಶುರುವಾದದ್ದು ಈ ಕಷ್ಟವನ್ನು ಕಡಿಮೆ ಮಾಡಲೆಂದೇ. ಹಡಗು ಹೊರಟ ದಿನಾಂಕಗಳನ್ನು ಚಂದ್ರನ ತಿಥಿಗಳ ಪಕ್ಕದಲ್ಲಿಟ್ಟು ನೋಡಿದರೆ ಹಲವು ಗುಂಪುಗಳಿಗೆ ಕಾರಣ ಸಿಗುತ್ತದೆ. ಪಂಚಾಂಗ ನೋಡಿ ಬೆಳೆದ ನಮ್ಮ ಓದುಗರಿಗೆ ಈ ಕೆಲಸ ಕಷ್ಟವಾಗಲಾರದು.

ನಾವಿಕರ ಬಗ್ಗೆ ಏನಾದರೂ ತಿಳಿಯುತ್ತದೆಯೇ?

ಇಲ್ಲಿ ಅಬೆರಿಸ್ಟ್‌ವಿತ್‌ನ ಸಂಶೋಧಕರು ಅದೃಷ್ಟವಂತರು. ಆ ಬಂದರಿನಲ್ಲಿ ನೋಂದಣಿಯಾದ ಹಡಗುಗಳ ಸಿಬ್ಬಂದಿ ಕರಾರುಗಳು 1856ರಿಂದ 1914ರವರೆಗಿನ ಅವಧಿಗೆ ಅದೇ ಊರಿನಲ್ಲಿರುವ ವೇಲ್ಸ್ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಸ್ವಯಂಸೇವಕರ ನೆರವಿನಿಂದ ಅವುಗಳ ವಿವರಗಳನ್ನು ಅಂತರ್ಜಾಲಕ್ಕೆ ತರಲಾಗಿದೆ. ಬ್ರಿಟನ್ನಿನ ಇತರ ಬಂದರುಗಳ ಇಂಥ ಕಾಗದಗಳು ಹಲವು ಕಡೆ ಚದುರಿಹೋದವು. ಬಹುದೊಡ್ಡ ಪಾಲು ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಮೆಮೋರಿಯಲ್ ವಿಶ್ವವಿದ್ಯಾಲಯವನ್ನು ಸೇರಿದೆ.

ಕರಾವಳಿಯಲ್ಲಿ ಓಡುವ ಹಡಗುಗಳು ಜೂನ್ ಮತ್ತು ಡಿಸೆಂಬರ್ ಕೊನೆಗೆ, ಅರ್ಧ ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸಬೇಕಿತ್ತು. ಆ ಹಾಳೆಯಲ್ಲಿ ಪ್ರತಿಯೊಬ್ಬನ ಹೆಸರು, ವಯಸ್ಸು, ಹುಟ್ಟಿದ ಊರು, ಹಿಂದೆ ಇದ್ದ ಹಡಗು, ಈಗಿನ ಕೆಲಸ, ಸೇರಿದ ಮತ್ತು ಬಿಟ್ಟ ದಿನ, ಜೊತೆಗೆ ಆ ಆರು ತಿಂಗಳ ಪ್ರಯಾಣಗಳ ಪಟ್ಟಿ ಇರುತ್ತದೆ. ಸಹಿ ಬಾರದವನು ಹಾಕಿದ ಗುರುತು ಅಲ್ಲಿಯೇ ಕಾಣುತ್ತದೆ. ಗಣಿಯ ಲೆಕ್ಕದಲ್ಲಿ ಒಂದು ಹಡಗಿನ ಹೆಸರು ಮತ್ತು ದಿನಾಂಕ ಸಿಕ್ಕಿದರೆ, ಈ ಹಾಳೆಯ ಪ್ರಯಾಣಪಟ್ಟಿಯಲ್ಲಿ ಅದೇ ವಾರದ ಸಾಲನ್ನು ಹುಡುಕಿ, ಆ ಅದಿರನ್ನು ಕಡಲಿನಾಚೆಗೆ ಒಯ್ದ ನಾಲ್ಕೈದು ಜನರನ್ನು ಹೆಸರು ಹಿಡಿದು ಗುರುತಿಸಬಹುದು. ದಾಖಲೆಗಳ ಕೆಲಸದಲ್ಲಿ ನನಗೆ ಇದಕ್ಕಿಂತ ತೃಪ್ತಿ ಕೊಡುವ ಗಳಿಗೆ ಬೇರೆ ಇಲ್ಲ. ಅಡಿಗೆಯ ಕೆಲಸಕ್ಕೆ ಸೇರಿದ ಹದಿಹರೆಯದ ಹುಡುಗನೊಬ್ಬನ ಹೆಸರು ಅಲ್ಲಿ ಸಿಕ್ಕಾಗ, ಅವನು ಮುಂದಿನ ಹಾಳೆಗಳಲ್ಲಿ ನಾವಿಕನಾಗಿ ಬೆಳೆದನೇ ಎಂದು ನೋಡದೆ ಇರಲಾಗುವುದಿಲ್ಲ.

ಹಡಗಿನ ಒಡೆತನವೂ ಗಮನಕ್ಕೆ ಅರ್ಹ. ಬ್ರಿಟಿಷ್ ಹಡಗಿನ ಒಡೆತನವನ್ನು 64 ಪಾಲುಗಳಾಗಿ ವಿಂಗಡಿಸುತ್ತಿದ್ದರು. ಬಂದರಿನ ಅಂಗಡಿಯವರು, ಹಗ್ಗ ಮತ್ತು ಪಟ ಮಾರುವವರು, ವಿಧವೆಯರು, ರೈತರು ಒಂದೆರಡು ಪಾಲು ಹೊಂದಿರುವುದು ಸಾಮಾನ್ಯವಾಗಿತ್ತು.

ಒಂದೇ ಹೆಸರಿನ ಹಡಗುಗಳು, ಒಂದೇ ಹೆಸರಿನ ನಾವಿಕರು ಬರುತ್ತಾರೆ. ಬಿಡಿಸುವುದು ಹೇಗೆ?

ಹಡಗಿಗೆ ಅಧಿಕೃತ ಸಂಖ್ಯೆಯನ್ನು ಹಿಡಿಯಿರಿ. 1854ರ ಕಾಯಿದೆಯ ನಂತರ ಪ್ರತಿ ನೋಂದಾಯಿತ ಹಡಗಿಗೂ ಒಂದು ಸಂಖ್ಯೆ ಬಂದಿತು. ಹೆಸರು, ಒಡೆಯ, ಬಂದರು ಬದಲಾದರೂ ಆ ಸಂಖ್ಯೆ ಬದಲಾಗುವುದಿಲ್ಲ. ಮರ್ಕೆಂಟೈಲ್ ನೇವಿ ಲಿಸ್ಟ್ ಎಂಬ ವಾರ್ಷಿಕ ಪಟ್ಟಿಯಲ್ಲಿಯೂ ಕ್ರೂ ಲಿಸ್ಟ್ ಇಂಡೆಕ್ಸ್ ಪ್ರಾಜೆಕ್ಟ್‌ನ ಉಚಿತ ಜಾಲತಾಣದಲ್ಲಿಯೂ ಅದನ್ನು ಹುಡುಕಬಹುದು. ಲಾಯ್ಡ್ಸ್ ರಿಜಿಸ್ಟರ್ ಎಂಬ ಇನ್ನೊಂದು ಹಡಗು ಪಟ್ಟಿಯಲ್ಲಿ ಸಿಗಲಿಲ್ಲವೆಂದು ಹಡಗೇ ಇರಲಿಲ್ಲವೆಂದು ತೀರ್ಮಾನಿಸಬೇಡಿ. ಅದರಲ್ಲಿ ಸೇರುವುದು ಒಡೆಯರ ಇಚ್ಛೆಗೆ ಬಿಟ್ಟದ್ದು, ಪುಟ್ಟ ಕರಾವಳಿ ಹಡಗುಗಳು ಹಲವೊಮ್ಮೆ ಅದರ ಹೊರಗೇ ಉಳಿದವು.

ಜನರ ವಿಷಯ ಇನ್ನೂ ಕಠಿಣ. ವೇಲ್ಸಿನಲ್ಲಿ ಜೋನ್ಸ್, ಡೇವಿಸ್, ಇವಾನ್ಸ್ ಎಂಬ ಕೆಲವೇ ಮನೆತನದ ಹೆಸರುಗಳು ಎಲ್ಲೆಡೆ. ಅಲ್ಲಿನವರು ನಾವಿಕರನ್ನು ಅವರ ಹಡಗಿನ ಹೆಸರಿನಿಂದಲೇ ಕರೆದು ಬೇರ್ಪಡಿಸುತ್ತಿದ್ದರು. ನೀವೂ ಹೆಸರಿನ ಜೊತೆ ಹುಟ್ಟಿದ ಊರು ಮತ್ತು ವಯಸ್ಸನ್ನು ಸೇರಿಸಿಕೊಳ್ಳಿ. ಕ್ಯಾಪ್ಟನ್ ಎಂದು ಕಂಡವರೆಲ್ಲ ಹಡಗಿನವರಲ್ಲ ಎಂಬುದೂ ನೆನಪಿರಲಿ. ಕಾರ್ನ್‌ವಾಲ್‌ನ ರೂಢಿಯಂತೆ ಗಣಿಯ ಮೇಲ್ವಿಚಾರಕರನ್ನೂ ಕ್ಯಾಪ್ಟನ್ ಎನ್ನುತ್ತಿದ್ದರು, ಟೇಲರ್ ಗಣಿಗಳಲ್ಲಿ ಈ ರೂಢಿ ಬಲವಾಗಿತ್ತು.

ಊರಿನ ಹೆಸರುಗಳೂ ಬದಲಾಗಿ ಬರುತ್ತವೆ. ಅಬೆರ್‌ಡೋವಿ ಎಂದು ಬರೆದದ್ದು ಇಂದಿನ ಅಬೆರ್‌ಡಿಫಿ. ಕಾರ್ಡಿಗನ್ ಎಂದು ಮಾತ್ರ ಇದ್ದರೆ ಅದು ಜಿಲ್ಲೆಯೋ, ಜಿಲ್ಲೆಯ ದಕ್ಷಿಣ ತುದಿಯಲ್ಲಿರುವ ಕಾರ್ಡಿಗನ್ ಎಂಬ ಬೇರೆ ಬಂದರೋ ಎಂದು ವಿಚಾರಿಸಬೇಕು.

1860ರ ದಶಕದ ನಂತರ ಅದಿರಿನ ಹಡಗುಗಳು ಕಡಿಮೆಯಾಗುತ್ತವೆ. ಗಣಿ ಮುಚ್ಚಿತೇ?

ಇಲ್ಲ, ರೈಲು ಬಂದಿತು. 1864ರಲ್ಲಿ ಅಬೆರಿಸ್ಟ್‌ವಿತ್‌ಗೆ ಉತ್ತರದಿಂದ ರೈಲುಮಾರ್ಗ ತಲುಪಿತು. 1867ರಲ್ಲಿ ಮ್ಯಾಂಚೆಸ್ಟರ್ ಮತ್ತು ಮಿಲ್ಫರ್ಡ್ ರೈಲ್ವೆಯ ಮಾರ್ಗ ದಕ್ಷಿಣದಿಂದ ಇಸ್ಟ್‌ವಿತ್ ಕಣಿವೆಯ ಮೂಲಕ, ಟ್ರಾಸ್ಗೋಯ್ಡ್ ಹತ್ತಿರವೇ ಹಾದು ಊರು ಸೇರಿತು. ಭರತಕ್ಕೂ ಗಾಳಿಗೂ ಕಾಯದೆ ಅದಿರು ಹೊರಡುವುದು ಸಾಧ್ಯವಾಯಿತು. ಬಂದರಿನ ಪುಸ್ತಕದಲ್ಲಿ ಅದಿರು ಕಾಣೆಯಾದ ವರ್ಷಗಳಲ್ಲಿ ಹಂಟ್ ಅವರ ಪಟ್ಟಿಯಲ್ಲಿ ಅದೇ ಗಣಿಗಳು ಉತ್ಪಾದನೆ ತೋರಿಸುತ್ತವೆ. ಇಂಥಲ್ಲಿ ಒಂದೇ ಬಗೆಯ ದಾಖಲೆಯನ್ನು ನೆಚ್ಚಿದವರು ಗಣಿಯ ಸಾವನ್ನು ಕಾಲು ಶತಮಾನ ಮೊದಲೇ ಬರೆದುಬಿಡುತ್ತಾರೆ.

ನಿಜವಾದ ಕುಸಿತ ಬಂದದ್ದು ಬೆಲೆಯಿಂದ. 1870ರ ದಶಕದ ಆರಂಭದಲ್ಲಿ ಟನ್ನಿಗೆ 20 ಪೌಂಡ್ ಮೀರಿದ್ದ ಸೀಸ, ಸ್ಪೇನ್, ಅಮೆರಿಕ, ಆಮೇಲೆ ಆಸ್ಟ್ರೇಲಿಯಾದ ಬ್ರೋಕನ್ ಹಿಲ್ ಗಣಿಗಳ ಸೀಸ ಮಾರುಕಟ್ಟೆಗೆ ಬಂದಂತೆ ಇಳಿಯುತ್ತಾ 1890ರ ದಶಕದ ನಡುವಿಗೆ 10 ಪೌಂಡಿನ ಆಸುಪಾಸಿಗೆ ಬಂದಿತು. 1902ರಲ್ಲಿ ವೇಲ್ ಆಫ್ ರೈಡೋಲ್ ಎಂಬ ಕಿರುರೈಲು ಗಣಿಗಳ ಅದಿರನ್ನೂ ನೆಚ್ಚಿಕೊಂಡು ತೆರೆದುಕೊಂಡಾಗ ಆ ಕಾಲ ಮುಗಿಯುತ್ತಾ ಬಂದಿತ್ತು. ಆ ರೈಲು ಇಂದು ಪ್ರವಾಸಿಗರನ್ನು ಹೊತ್ತು ಓಡುತ್ತಿದೆ.

ಕೋಲಾರದ ಚಿನ್ನದ ಗಣಿಗೂ ಇದಕ್ಕೂ ಏನು ಸಂಬಂಧ?

ಸಂಬಂಧ ನೇರವಾದದ್ದು. ಜಾನ್ ಟೇಲರ್ 1863ರಲ್ಲಿ ತೀರಿಕೊಂಡರು. ಅವರ ಮಕ್ಕಳು ಮೊಮ್ಮಕ್ಕಳ ಕೈಯಲ್ಲಿ ಮುಂದುವರಿದ ಜಾನ್ ಟೇಲರ್ ಆಂಡ್ ಸನ್ಸ್ ಸಂಸ್ಥೆಯೇ 1880ರಲ್ಲಿ ಹುಟ್ಟಿದ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿಯ ಆಡಳಿತವನ್ನು ವಹಿಸಿಕೊಂಡು, ಮುಂದೆ ಕೋಲಾರದ ಮುಖ್ಯ ಗಣಿಗಳನ್ನೆಲ್ಲ 1956ರಲ್ಲಿ ಮೈಸೂರು ಸರ್ಕಾರ ವಶಕ್ಕೆ ಪಡೆಯುವವರೆಗೂ ನಡೆಸಿತು. ಲಂಡನ್ನಿನಲ್ಲಿ ಕುಳಿತು ದೂರದ ಗಣಿಯನ್ನು ನಿಯಮಿತ ವರದಿ, ತೂಕದ ಲೆಕ್ಕ ಮತ್ತು ಸಾಗಣೆಯ ಪತ್ರಗಳ ಮೂಲಕ ಆಳುವ ಕ್ರಮ ಈ ಸಂಸ್ಥೆಗೆ ಸೀಸ ಮತ್ತು ತಾಮ್ರದ ಗಣಿಗಳ ಕಾಲದಲ್ಲಿಯೇ ರೂಢಿಯಾಗಿತ್ತು. ಕೋಲಾರದ ಕಚೇರಿ ಕಡತಗಳನ್ನು ಓದುವವರು ಅದೇ ಸಂಸ್ಥೆಯ ಹಳೆಯ ಲೆಕ್ಕಗಳ ವಿನ್ಯಾಸವನ್ನು ಒಮ್ಮೆ ನೋಡಿದರೆ ಅಂಕಣಗಳ ಅರ್ಥ ಬೇಗ ಹೊಳೆಯುತ್ತದೆ. 1835ರಿಂದ ಪ್ರಕಟವಾದ ಮೈನಿಂಗ್ ಜರ್ನಲ್ ಪತ್ರಿಕೆಯಲ್ಲಿ ಎರಡೂ ಕಡೆಯ ವರದಿಗಳು ಸಿಗುತ್ತವೆ.

ಈ ಹಳೆಯ ಅಂಕಿಗಳಿಂದ ಇಂದು ಏನು ಪ್ರಯೋಜನ?

ಇತಿಹಾಸಕ್ಕೆ ಮಾತ್ರವಲ್ಲ, ನೀರಿಗೂ ಪ್ರಯೋಜನವಿದೆ. ಇಸ್ಟ್‌ವಿತ್ ಮತ್ತು ರೈಡೋಲ್ ನದಿಗಳಲ್ಲಿ ಹಳೆಯ ಗಣಿಗಳಿಂದ ಇಳಿಯುವ ಸೀಸ ಮತ್ತು ಸತುವಿನ ಮಾಲಿನ್ಯ ಇಂದಿಗೂ ಇದೆ, ಫ್ರಾನ್‌ಗೋಚ್‌ನಲ್ಲಿ ಅದನ್ನು ತಡೆಯುವ ಕಾಮಗಾರಿಗಳು ಇತ್ತೀಚಿನ ದಶಕಗಳಲ್ಲಿ ನಡೆದಿವೆ. ಗಣಿಯಿಂದ ಎಷ್ಟು ಅದಿರು ಯಾವ ವರ್ಷಗಳಲ್ಲಿ ಹೊರಗೆ ಹೋಯಿತು, ಬ್ಲೆಂಡನ್ನು ಯಾವಾಗಿನವರೆಗೆ ಬಿಸಾಡುತ್ತಿದ್ದರು ಎಂಬುದು ತಿಳಿದರೆ ಹಿಂದೆ ಉಳಿದ ಕಸದ ದಿಬ್ಬಗಳಲ್ಲಿ ಏನಿರಬಹುದೆಂಬ ಅಂದಾಜಿಗೆ ಆಧಾರ ಸಿಗುತ್ತದೆ.

ಕರ್ನಾಟಕದಲ್ಲಿ ಕುಳಿತು ಇವನ್ನು ಅಧ್ಯಯನ ಮಾಡಬಹುದೇ?

ಬಹುಮಟ್ಟಿಗೆ ಮಾಡಬಹುದು. ವೇಲ್ಸ್ ರಾಷ್ಟ್ರೀಯ ಗ್ರಂಥಾಲಯದ ವೆಲ್ಷ್ ನ್ಯೂಸ್‌ಪೇಪರ್ಸ್ ಆನ್‌ಲೈನ್ ಉಚಿತ. 1919ರವರೆಗಿನ ಪತ್ರಿಕೆಗಳಲ್ಲಿ ಹಡಗುಗಳ ಆಗಮನ ನಿರ್ಗಮನದ ಅಂಕಣಗಳನ್ನೂ ಗಣಿ ಕಂಪನಿಗಳ ಸಭೆಗಳ ವರದಿಗಳನ್ನೂ ಅದರಲ್ಲಿ ಹುಡುಕಬಹುದು. ಹುಡುಕುವಾಗ ಅಬೆರಿಸ್ಟ್‌ವಿತ್ ಹೆಸರಿನ ಹಳೆಯ ಕಾಗುಣಿತವನ್ನೂ ಕೊಡಿ. ಕೊನೆಯ ಭಾಗದಲ್ಲಿ ವೈ ಅಕ್ಷರದ ಬದಲು ಐ ಬರೆಯುತ್ತಿದ್ದ ಕಾಲವದು, ಒಂದೇ ಕಾಗುಣಿತದಲ್ಲಿ ಹುಡುಕಿದರೆ ಬಹಳಷ್ಟು ಸಾಲುಗಳು ತಪ್ಪಿಹೋಗುತ್ತವೆ. ಟ್ರಾಸ್ಗೋಯ್ಡ್ ಜಮೀನ್ದಾರಿಯ ಕಾಗದಗಳು ಅದೇ ಗ್ರಂಥಾಲಯದಲ್ಲಿ ಕ್ರಾಸ್‌ವುಡ್ ಎಂಬ ಇಂಗ್ಲಿಷ್ ಹೆಸರಿನಡಿ ಪಟ್ಟಿಯಾಗಿವೆ.

ನಕಲು ಮಾಡಿಕೊಳ್ಳುವಾಗ ಮೂಲದಲ್ಲಿದ್ದಂತೆಯೇ ಟನ್, ಹಂಡ್ರೆಡ್‌ವೇಟ್, ಕ್ವಾರ್ಟರ್, ಪೌಂಡ್ ಅಂಕಣಗಳನ್ನು ಬೇರೆಯಾಗಿ ಇಡಿ, ಕಿಲೋಗ್ರಾಂ ಲೆಕ್ಕವನ್ನು ಪಕ್ಕದಲ್ಲಿ ಹೊಸ ಅಂಕಣವಾಗಿ ಬರೆಯಿರಿ. ಓದಲಾಗದ ಅಂಕಿಯನ್ನು ಊಹಿಸಿ ತುಂಬದೆ ಖಾಲಿ ಬಿಡಿ. ಪ್ರತಿ ಸಾಲಿನ ಎದುರು ಅದು ಗಣಿಯ ತೂಕವೋ, ಬಂದರಿನ ತೂಕವೋ, ಕುಲುಮೆಯ ತೂಕವೋ ಎಂಬುದನ್ನು ಒಂದು ಅಕ್ಷರದಲ್ಲಾದರೂ ಗುರುತಿಸಿರಿ. ಆ ಅಕ್ಷರವಿಲ್ಲದ ಪಟ್ಟಿಯನ್ನು ಆರು ತಿಂಗಳ ನಂತರ ಅದನ್ನು ಮಾಡಿದವರೇ ಬಳಸಲಾರರು.